ನಾಲ್ಕು ಡಬ್ಬಿಯ ಟ್ರಿಗರ್

ಊರಿಗೆಲ್ಲ ‘ಮಾನಂಗ್’, ಅಂದರೆ ದೊಡ್ಡಕ್ಕ, ಆಗಿದ್ದ ಸೆಬ್ಯಾಳ ಕೆಲಸದ ಮೇಜಿನ ಮೇಲೆ ಸಾರ್ಡೀನ್ ಮೀನಿನ ಐದು ಡಬ್ಬಿಗಳು ಯಾವಾಗಲೂ ಇರುತ್ತಿದ್ದವು. ಪಿಸ್ತೂಲನ್ನು ನೆಟ್ಟಗೆ ಮೇಜಿನಂಚಿನ ವೈಸ್ ಇಕ್ಕಳದಲ್ಲಿ ಬಿಗಿದು, ಟ್ರಿಗರಿಗೆ ತಂತಿಯ ಕೊಕ್ಕೆ ಹಾಕಿ, ಡಬ್ಬಿಗಳನ್ನು ಒಂದೊಂದಾಗಿ ನೇತುಹಾಕಿ, ಎಷ್ಟನೆಯ ಡಬ್ಬಿಗೆ ‘ಟಿಕ್’ ಅಂದಿತು ಎಂದು ಕಿವಿಗೊಟ್ಟು ಕೇಳುತ್ತಿದ್ದಳು. ಕ್ಲಬ್ಬಿನ ಸಿರಿವಂತರೊಬ್ಬರು ಹೊರದೇಶದಿಂದ ಟ್ರಿಗರಿನ ತೂಕ ಅಳೆಯುವ ಯಂತ್ರ ತಂದು ಕೊಟ್ಟಿದ್ದರು. ಅದನ್ನು ಡಬ್ಬಿಗಳ ಜೊತೆ ಹೋಲಿಸಿ ನೋಡಿ, "ಪರವಾಗಿಲ್ಲ, ನಿಮ್ಮ ಯಂತ್ರ ಸುಳ್ಳು ಹೇಳಲ್ಲ" ಎಂದು ವಾಪಸು ಕೊಟ್ಟಳು.

"ಈ ಡಬ್ಬಿ ಕೆಲಸಕ್ಕಾ, ಊಟಕ್ಕಾ ಮಾನಂಗ್?" ಎಂದು ಹೊಸಬರು ಯಾರಾದರೂ ಕೇಳಿದರೆ ಅವಳ ಉತ್ತರ ಒಂದೇ.

"ಕೆಲಸ ಕೆಟ್ಟ ದಿನ ಊಟಕ್ಕೆ."

ಇಪ್ಪತ್ತೆರಡು ವರ್ಷ ನಾನು ಆ ಮಾತು ಕೇಳಿದ್ದೇನೆ. ಇಪ್ಪತ್ತೆರಡು ವರ್ಷ ಆ ಡಬ್ಬಿಗಳ ಮೇಲಿನ ಕಾಗದ ಹಳದಿಯಾಗಿ, ತುಕ್ಕಿನ ಚುಕ್ಕೆ ಬಂದು, ಹಳೆಯವು ಹೋಗಿ ಹೊಸವು ಬಂದವೇ ಹೊರತು ಒಂದನ್ನೂ ಅವಳು ಒಡೆದು ತಿಂದದ್ದನ್ನು ನೋಡಿರಲಿಲ್ಲ.

ಪಿಸ್ತೂಲಿನ ಹೊಟ್ಟೆಯೊಳಗೆ ಒಂದು ಪುಟ್ಟ ಸುತ್ತಿಗೆ, ಅದನ್ನು ಹಿಡಿದು ನಿಲ್ಲಿಸುವ ಒಂದು ಕೊಕ್ಕೆ ಇರುತ್ತವೆ. ಅವೆರಡೂ ಒಂದನ್ನೊಂದು ಹಿಡಿದಿರುವ ಜಾಗ ಅಕ್ಕಿಕಾಳಿನ ಮೂತಿಯಷ್ಟೂ ಇಲ್ಲ. ಆ ಜಾಗವನ್ನು ಸಾಣೆಕಲ್ಲಿನ ಮೇಲೆ ತೀಡಿ ನುಣುಪು ಮಾಡುವುದು ಸೆಬ್ಯಾಳ ಕಸುಬು. ಹದವಾಗಿ ತೀಡಿದರೆ ಟ್ರಿಗರ್ ಬೆಣ್ಣೆಯ ಹಾಗೆ ಬರುತ್ತದೆ. ಕಲ್ಲಿನ ಮೇಲೆ ಎರಡು ಸಲ ಹೆಚ್ಚಿಗೆ ಎಳೆದರೆ ಮುಗಿಯಿತು, ಒಂದು ಸಲ ಒತ್ತಿದ್ದಕ್ಕೆ ಎರಡು ಗುಂಡು ಹಾರುತ್ತವೆ. ಓಡುತ್ತ, ಬಾಗುತ್ತ, ಹಲಗೆಯ ಕಿಟಕಿಗಳಿಂದ ಇಣುಕುತ್ತ ಕಾಗದದ ಗುರಿಗಳಿಗೂ ಉಕ್ಕಿನ ತಟ್ಟೆಗಳಿಗೂ ಹೊಡೆಯುವ ಪಂದ್ಯ ನಮ್ಮದು. ಅಲ್ಲಿ ಒಂದು ಸೆಕೆಂಡನ್ನು ನೂರು ತುಂಡು ಮಾಡಿ ಲೆಕ್ಕ ಹಾಕುತ್ತಾರೆ. ಟ್ರಿಗರ್ ಹಗುರಾದಷ್ಟೂ ಗೆಲುವು ಹತ್ತಿರ, ಅಪಾಯವೂ ಹತ್ತಿರ. ನಮ್ಮ ಡನಾವ್ ಊರಿನಲ್ಲಿ ಬಂದೂಕು ಮಾಡಲು ಅರ ಹಿಡಿದವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಟ್ರಿಗರನ್ನು ಗೆಲುವಿಗೂ ಅಪಾಯಕ್ಕೂ ನಡುವೆ ನಿಲ್ಲಿಸಿ ಕೊಡುವ ಕೈ ಒಬ್ಬಳದೇ ಇತ್ತು.

ಅವಳ ಅಪ್ಪನೂ ಅರ ಹಿಡಿದವನೇ. ಆದರೆ ಕದ್ದುಮುಚ್ಚಿ, ಗುಡ್ಡದ ಮೇಲಿನ ತೆಂಗಿನ ಗರಿಯ ಶೆಡ್ಡಿನಲ್ಲಿ. ಅವನು ಮಾಡಿದ ಬಂದೂಕುಗಳ ಮೇಲೆಲ್ಲ ಹೊರದೇಶದ ಕಂಪನಿಗಳ ಹೆಸರು ಕೆತ್ತುತ್ತಿದ್ದ. ಓದು ಬಾರದವನು, ಚಿತ್ರ ನೋಡಿ ಕೆತ್ತುವುದು. ಒಮ್ಮೆ ಒಂದು ಅಕ್ಷರ ತಲೆಕೆಳಗಾಗಿ ಕೂತಿತು, ಅದೇ ಗುರುತು ಹಿಡಿದು ಪೊಲೀಸರು ಗುಡ್ಡ ಹತ್ತಿದರು. ಅವನು ಜೈಲಿನಲ್ಲೇ ಕೆಮ್ಮಿ ಕೆಮ್ಮಿ ಸತ್ತ. ಆಗ ಸೆಬ್ಯಾಗೆ ಹತ್ತೊಂಬತ್ತು, ಅವಳ ತಮ್ಮ ಇಸ್ಯೋಂಗನಿಗೆ ಮೂರು. ತಾಯಿ ಮೊದಲೇ ಹೋಗಿದ್ದಳು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಪರವಾನಗಿ ಇದ್ದ ಒಂದು ಕಾರ್ಖಾನೆಯ ಬಾಗಿಲು ತಟ್ಟಿದಳಂತೆ. ಮದುವೆಯ ಮಾತು ಬಂದಾಗಲೆಲ್ಲ, "ಒಬ್ಬನನ್ನ ಸಾಕೋದೇ ಸಾಕಾಗಿದೆ, ಇನ್ನೊಬ್ಬನ್ನ ಯಾರು ಸಾಕ್ತಾರೆ" ಎಂದು ತಳ್ಳಿಹಾಕಿದಳು.

"ನಮ್ಮಪ್ಪ ನಾನೂರು ಬಂದೂಕು ಮಾಡಿದ ಅಂಬೋ. ಒಂದರ ಮೇಲೂ ಅವನ ಹೆಸರಿಲ್ಲ," ಎಂದು ಒಂದು ದಿನ ನನ್ನ ಹತ್ತಿರ ಹೇಳಿದ್ದಳು. ಅವಳ ಹೆಸರೂ ಎಲ್ಲೂ ಇರಲಿಲ್ಲ. ತಾನು ತೀಡಿದ ಸುತ್ತಿಗೆಯ ಪಕ್ಕದಲ್ಲಿ, ಬಿಚ್ಚಿದರೆ ಮಾತ್ರ ಕಾಣುವ ಜಾಗದಲ್ಲಿ, ಸೂಜಿಮೊನೆಯಿಂದ ಒಂದು ಪುಟ್ಟ ಮೀನು ಗೀಚುತ್ತಿದ್ದಳು. ಅಷ್ಟೇ ಅವಳ ಸಹಿ.

ಇನ್ನು ನನ್ನ ವಿಷಯ. ನಾನು ಅಂಬ್ರೋಸಿಯೊ, ಕ್ಲಬ್ಬಿನ ರೇಂಜ್ ಆಫೀಸರ್. ಗುಂಡು ಹಾರಿಸುವವನ ಬೆನ್ನಿಗೆ ಅಂಟಿಕೊಂಡು, ಒಂದು ಕೈಯಲ್ಲಿ ಟೈಮರ್ ಹಿಡಿದು, ಕಣ್ಣನ್ನು ಅವನ ಕೈಯ ಮೇಲಿಟ್ಟು ನಿಲ್ಲುವ ಕೆಲಸ. ಗುರಿ ನಾನು ನೋಡುವುದಿಲ್ಲ, ಬೆರಳು ನೋಡುತ್ತೇನೆ. ಗುಂಡು ತುಂಬುವಾಗ ಬೆರಳು ಟ್ರಿಗರಿನ ಸುತ್ತಲಿನ ಕಬ್ಬಿಣದ ಬಳೆಯ ಒಳಗೆ ಹೋದರೆ ಆ ಮನುಷ್ಯ ಅಲ್ಲಿಗೆ ಪಂದ್ಯದಿಂದ ಹೊರಗೆ. ಗುಂಡು ಹಾರಬೇಕಾಗಿಲ್ಲ, ಬೆರಳು ಹೋದರೆ ಸಾಕು. ಮೇಯರನ ಭಾವಮೈದುನನನ್ನು ಹಾಗೆ ಹೊರಗೆ ಹಾಕಿದವನು ನಾನು. ನನ್ನ ಸ್ವಂತ ಅಳಿಯನನ್ನು ಹಾಕಿದೆ, ಮಗಳು ಎಂಟು ತಿಂಗಳು ಮಾತು ಬಿಟ್ಟಳು. ಬೆನ್ನ ಹಿಂದೆ ನನ್ನನ್ನು ‘ಸಂತ ಅಂಬೋ’ ಎನ್ನುತ್ತಿದ್ದರು. ನನಗದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಆ ಖುಷಿಯ ಬಗ್ಗೆಯೇ ಈಗ ನನಗೆ ಹೇಸಿಗೆ.

ಇಸ್ಯೋಂಗ್ ಬೆಳೆದು ಬೈಕ್ ಬಾಡಿಗೆಗೆ ಓಡಿಸುವವನಾದ. ಹಿಂದೆ ಇಬ್ಬರನ್ನು ಕೂರಿಸಿಕೊಂಡು, ಮಡಿಲಲ್ಲಿ ಹಂದಿಮರಿ ಇದ್ದರೂ ಸರಿ, ಗುಡ್ಡದ ಹಳ್ಳಿಗಳಿಗೆ ಏರಿಸುತ್ತಿದ್ದ. ಪಿಸ್ತೂಲು ಕೊಳ್ಳುವ ಯೋಗ್ಯತೆ ಇಲ್ಲ, ಆದರೆ ಕೈಯಲ್ಲಿ ಕಲೆ ಇತ್ತು. ಬೇಕರಿಯ ಬಾಸ್ ಕ್ಲಾರೊ ಅದನ್ನು ಕಂಡುಕೊಂಡ. ಹುಂಜ ಸಾಕುವ ಹುಚ್ಚು ಕೆಲವರಿಗೆ, ಕ್ಲಾರೊಗೆ ಶೂಟರ್ ಸಾಕುವ ಹುಚ್ಚು. ಪಿಸ್ತೂಲು ಅವನದು, ಗುಂಡು ಅವನದು, ಕೈ ಇಸ್ಯೋಂಗನದು. ಐದು ವರ್ಷದಲ್ಲಿ ನಮ್ಮ ದ್ವೀಪದಲ್ಲಿ ಅವನನ್ನು ಮೀರಿಸುವವರು ಇಲ್ಲ ಎನ್ನುವಂತಾಯಿತು.

ಆಗ ಸುದ್ದಿ ಬಂತು. ಮೂರು ವರ್ಷಕ್ಕೊಮ್ಮೆ ನಡೆಯುವ ಜಗತ್ತಿನ ದೊಡ್ಡ ಪಂದ್ಯಕ್ಕೆ ದೇಶದ ತಂಡ ಆರಿಸಬೇಕು, ಆಯ್ಕೆಯ ಕೊನೆಯ ಸುತ್ತು ನಮ್ಮ ರೇಂಜಿನಲ್ಲೇ. ಅದಕ್ಕೆ ಹನ್ನೊಂದು ತಿಂಗಳಿತ್ತು.

ಅದೇ ವಾರ ಸೆಬ್ಯಾ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಳು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದುಹಾಕುತ್ತಿದೆ, ಒಂದು ವರ್ಷ, ಹೆಚ್ಚೆಂದರೆ ಒಂದೂವರೆ, ಅಂದರಂತೆ. ಅವಳು ಮನೆಗೆ ಬಂದು, ಅಂಗಿ ಬದಲಾಯಿಸಿ, ಮೇಜಿನ ಮುಂದೆ ಕೂತು, ನಮ್ಮ ಕಡೆ ಚಿಕ್ಕವರನ್ನು ಕರೆಯುವ ಹಾಗೆ ‘ದೋಂಗ್’ ಎಂದು ತಮ್ಮನನ್ನು ಕರೆದು ಹೇಳಿದಳು.

"ದೋಂಗ್, ಕ್ಲಾರೊನ ಪಿಸ್ತೂಲು ತಗೊಂಡು ಬಾ. ಹೊಸ ಸುತ್ತಿಗೆ, ಹೊಸ ಕೊಕ್ಕೆ ಹಾಕ್ತೀನಿ. ಇದು ನನ್ನ ಕೊನೇದು. ಇದು ಹಡಗು ಹತ್ತಿ ಹೋಗ್ಬೇಕು. ಅಲ್ಲಿ ಬಂದೋರೆಲ್ಲ ಬೆರಳಿಟ್ಟು ನೋಡಿ, ಇದನ್ನ ಯಾರು ಮಾಡಿದ್ದು ಅಂತ ಕೇಳ್ಬೇಕು. ಆಗ ನೀನು ನನ್ನ ಹೆಸರು ಹೇಳ್ಬೇಕು. ಪೂರ್ತಿ ಹೆಸರು. ಅಪ್ಪಂದೂ ಸೇರಿಸಿ."

"ವಿಮಾನದಲ್ಲಿ ಹೋಗ್ತಾರೆ ಅಕ್ಕ, ಹಡಗಲ್ಲಲ್ಲ."

"ಏನೋ ಒಂದು. ಹೋಗ್ಬೇಕು ಅಷ್ಟೇ."

ಅವಳಿಗೆ ಬೇಕಾಗಿದ್ದುದು ಇಷ್ಟೇ. ಚಿನ್ನ ಕೇಳಲಿಲ್ಲ, ಮನೆ ಕೇಳಲಿಲ್ಲ. ಕಣ್ಣು ಆರುವ ಮೊದಲು ತಾನು ತೀಡಿದ ಒಂದು ಟ್ರಿಗರ್ ಗಡಿ ದಾಟಬೇಕು, ಯಾರಾದರೂ ಹೆಸರು ಕೇಳಬೇಕು.

ಕೆಲಸಕ್ಕೆ ಏಳು ವಾರ ಹಿಡಿಯಿತು. ಮೊದಲು ಬೆಳಿಗ್ಗೆ ಬಿಸಿಲಿನಲ್ಲಿ ಕೂತು ಭೂತಗನ್ನಡಿಯಲ್ಲಿ ನೋಡಿ ತೀಡುತ್ತಿದ್ದಳು. ಆಮೇಲೆ ಭೂತಗನ್ನಡಿ ಪಕ್ಕಕ್ಕಿಟ್ಟಳು. ಕೊಕ್ಕೆಯ ತುದಿಯನ್ನು ಕೆಳತುಟಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಎಲ್ಲಿ ಗೀರಿದೆ, ಎಲ್ಲಿ ಏರಿದೆ ಎಂದು ತುಟಿಯಿಂದ ನೋಡುತ್ತಿದ್ದಳು. ತುಟಿ ಕಪ್ಪಾಗಿ ಹೋಗಿತ್ತು. ಐದು ಡಬ್ಬಿಗೆ ತಂದಾಗ ನಾನು ಒತ್ತಿ ನೋಡಿದೆ. ಗಾಜಿನ ಕಡ್ಡಿ ಮುರಿದ ಹಾಗೆ, ಮುಂಚೆ ಏನೂ ಇಲ್ಲ, ಆಮೇಲೆ ಏನೂ ಇಲ್ಲ. ಇಂಥದ್ದು ನಾನು ಜೀವಮಾನದಲ್ಲಿ ಮುಟ್ಟಿರಲಿಲ್ಲ.

ಇಸ್ಯೋಂಗ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. "ಇನ್ನೊಂದು ಡಬ್ಬಿ ಇಳಿಸು ಅಕ್ಕ. ಮನಿಲಾದೋರು ಎಲ್ಲ ನಾಲ್ಕಕ್ಕೇ ಹೊಡೀತಾರೆ."

"ಮನಿಲಾದೋರು ಸಾರ್ಡೀನ್ ಡಬ್ಬಿ ನೋಡೇ ಇಲ್ಲ, ನಿನಗೆ ಯಾರು ಹೇಳಿದ್ದು?"

"ಲೆಕ್ಕ ಹಾಕಿದೆ."

"ನೀನು ಲೆಕ್ಕದಲ್ಲಿ ಫೇಲಾದೋನು," ಎಂದು ಬೈದರೂ ಮತ್ತೆ ಕಲ್ಲಿಗೆ ಎಣ್ಣೆ ಹಚ್ಚಿದಳು. ಇನ್ನು ಹತ್ತು ದಿನಕ್ಕೆ ನಾಲ್ಕು ಡಬ್ಬಿಗೆ ತಂದಳು. ಸುತ್ತಿಗೆಯ ಪಕ್ಕ ಮೀನು ಗೀಚಿದಳು. ಪಿಸ್ತೂಲನ್ನು ತಮ್ಮನ ಕೈಗಿಟ್ಟು, ನನ್ನ ಎದುರೇ ಹೇಳಿದಳು.

"ಕೇಳಿಸ್ಕೋ. ಇದು ನಾಲ್ಕು ಡಬ್ಬಿ. ಇದರ ಕೊಕ್ಕೆ ತುದಿ ಮೊಟ್ಟೆಯ ಸಿಪ್ಪೆ ಇದ್ದಂಗೆ. ಖಾಲಿ ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನ ಹಿಂದಕ್ಕೆಳೆದು ಬರೀ ಹಾಗೇ ಬಿಟ್ರೆ, ಒಳಗೆ ಗುಂಡಿನ ತಡೆ ಇಲ್ದೆ ಅದು ಟಪ್ ಅಂತ ಬಡಿಯುತ್ತೆ. ನೂರು ಸಲ ಬಡಿದ್ರೆ ನನ್ನ ತುದಿ ಮುಕ್ಕಾಗುತ್ತೆ. ಮನೇಲಿ ಅಭ್ಯಾಸ ಮಾಡ್ವಾಗ ಟ್ರಿಗರ್ ಒತ್ತಿ ಹಿಡ್ಕೊಂಡು ಸ್ಲೈಡ್ ಬಿಡು. ಆಗ ಕೊಕ್ಕೆಗೆ ಏಟು ಬೀಳಲ್ಲ."

ಹಳೆಯ ಕೈಗಳಿಗೆಲ್ಲ ಗೊತ್ತಿರುವ ಉಪಾಯ ಇದು. ನುಣುಪಾದ ಟ್ರಿಗರ್ ಇರುವವರು ಖಾಲಿ ಪಿಸ್ತೂಲಿಗೆ ಹೀಗೆಯೇ ಮಾಡುವುದು. ನಾನೂ ತಲೆಯಾಡಿಸಿದೆ. ಖಾಲಿ ಇದ್ದಾಗ ಮಾತ್ರ, ಎಂದು ಬಿಡಿಸಿ ಹೇಳಬೇಕು ಅಂತ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಷ್ಟು ಗೊತ್ತಿಲ್ಲದ ಮನುಷ್ಯನೇ ಅವನು?

ಅವನ ಅಭ್ಯಾಸ ನೋಡಬೇಕಿತ್ತು. ಬಾಡಿಗೆ ಮುಗಿಸಿ ಸಂಜೆ ಐದಕ್ಕೆ ಬರುತ್ತಿದ್ದ. ಹಿತ್ತಲಿನ ಗೋಡೆಗೆ ಕಾಗದದ ತಟ್ಟೆಗಳನ್ನು ಅಂಟಿಸಿ, ಟೈಮರ್ ಕೂಗಿದ ಕೂಡಲೇ ಸೊಂಟದ ಒರೆಯಿಂದ ಪಿಸ್ತೂಲು ತೆಗೆಯುವುದು, ಒತ್ತುವುದು, ಗುಂಡು ತುಂಬುವ ಖಾಲಿ ಮ್ಯಾಗಜೀನ್ ಬೀಳಿಸಿ ಇನ್ನೊಂದು ತಳ್ಳುವುದು, ಸ್ಲೈಡ್ ಎಳೆದು ಬಿಡುವುದು. ಮತ್ತೆ. ಮತ್ತೆ. ಸಂಜೆಗೆ ಇನ್ನೂರು ಸಲ. ಅಕ್ಕ ಒಳಗೆ ಅನ್ನಕ್ಕಿಟ್ಟು, ಕಿಟಕಿಗೆ ಕಿವಿ ಕೊಟ್ಟು ಕೂತಿರುತ್ತಿದ್ದಳು. ಸ್ಲೈಡ್ ಬಿದ್ದ ಸದ್ದಿನಲ್ಲೇ ಅವನು ಟ್ರಿಗರ್ ಹಿಡಿದಿದ್ದಾನೋ ಇಲ್ಲವೋ ಎಂದು ಅವಳಿಗೆ ತಿಳಿಯುತ್ತಿತ್ತು.

"ಬಿಟ್ಟೆ! ಈಗ ಹಿಡೀಲಿಲ್ಲ ನೀನು!" ಎಂದು ಒಳಗಿಂದ ಕೂಗುತ್ತಿದ್ದಳು.

"ಒಂದ್ಸಲ ಮರ್ತೆ ಅಕ್ಕ."

"ನನ್ನ ಏಳು ವಾರ ಒಂದ್ಸಲಕ್ಕೆ ಹೋಗುತ್ತೆ."

ಕೆಲವು ತಿಂಗಳಲ್ಲಿ ಅವಳು ಕೂಗುವುದು ನಿಂತಿತು. ಅವನು ಮರೆಯುವುದನ್ನು ಬಿಟ್ಟಿದ್ದ. ಕೈಗೆ ಒಂದು ವಿಷಯ ಅಷ್ಟು ಸಲ ಹೇಳಿದರೆ ಅದು ತಲೆಯನ್ನು ಕೇಳುವುದಿಲ್ಲ. ಅದಕ್ಕೇ ಅಲ್ಲವೇ ನಾವು ಅಭ್ಯಾಸ ಮಾಡುವುದು?

ಆಯ್ಕೆಗೆ ಇನ್ನು ಮೂರು ತಿಂಗಳಿರುವಾಗ ಕ್ಲಬ್ಬಿನಲ್ಲಿ ಒಂದು ಭಾನುವಾರದ ಪಂದ್ಯ ನಡೆಯಿತು. ಗೆದ್ದವರಿಗೆ ಒಂದು ಮೂಟೆ ಅಕ್ಕಿ, ಅಂಥ ಪಂದ್ಯ. ಹುಣಸೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೆಬ್ಯಾ ಕೂತಿದ್ದಳು, ಒಂದು ಕಣ್ಣಿಗೆ ಬಿಳಿ ಪಟ್ಟಿ. ಆ ವಾರವೇ ಆ ಕಣ್ಣಿಗೆ ಚಿಕಿತ್ಸೆ ಆಗಿತ್ತು, ಉಪಯೋಗವಾಗಿರಲಿಲ್ಲ. ನಾನು ಇಸ್ಯೋಂಗನ ಬೆನ್ನ ಹಿಂದೆ ನಿಂತು, "ಗುಂಡು ತುಂಬಿ ಸಿದ್ಧವಾಗಿ" ಎಂದೆ. ಅವನು ಮ್ಯಾಗಜೀನ್ ತಳ್ಳಿದ, ಸ್ಲೈಡ್ ಎಳೆದ. ಬೆರಳು ಬಳೆಯ ಒಳಗೆ ಹೋಯಿತು. ಟ್ರಿಗರನ್ನು ಒತ್ತಿ ಹಿಡಿದು, ಸ್ಲೈಡ್ ಬಿಟ್ಟ. ಗುಂಡು ಒಳಗೆ ಕೂತಿತು, ಹಾರಲಿಲ್ಲ. ಗಟ್ಟಿಯಾಗಿ ಒತ್ತಿ ಹಿಡಿದಿದ್ದರೆ ಹಾರುವುದಿಲ್ಲ, ಪಿಸ್ತೂಲಿನ ಒಳಗಿನ ಏರ್ಪಾಡು ಹಾಗಿದೆ. ಬೆರಳು ಹೊರಗೆ ಬಂತು. ಎಲ್ಲ ಸೇರಿ ಒಂದು ಸೆಕೆಂಡು. ನನ್ನ ಬಿಟ್ಟು ಯಾರೂ ನೋಡಲಿಲ್ಲ.

ನಾನು "ನಿಲ್ಲಿ" ಎನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಮರದ ಕೆಳಗೆ ಆ ಬಿಳಿ ಪಟ್ಟಿ ಕಂಡಿತು. ಅವಳು ನಮ್ಮ ಕಡೆಗೆ ಮುಖ ಮಾಡಿ, ಒಂದು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡಿದ್ದಳು. ಅಯ್ಯೋ ಪಾಪ, ಒಂದು ಅಕ್ಕಿ ಮೂಟೆಯ ಪಂದ್ಯ, ಎಂದುಕೊಂಡೆ. ಟೈಮರ್ ಒತ್ತಿದೆ.

ಅವನು ಗೆದ್ದ. ಆಮೇಲೆ ನೀರಿನ ಡ್ರಮ್ಮಿನ ಹತ್ತಿರ ಅವನ ತೋಳು ಹಿಡಿದು ನಿಲ್ಲಿಸಿದೆ.

"ದೋಂಗ್, ತುಂಬುವಾಗ ಬೆರಳು ಒಳಗಿತ್ತು."

ಅವನ ಮುಖ ಬೂದಿಯಾಯಿತು. "ನಿಜವಾಗ್ಲೂ ನೋಯ್?" ಎಂದ, ಹಿರಿಯರನ್ನು ಕರೆಯುವ ನಮ್ಮ ಊರಿನ ಮಾತಿನಲ್ಲಿ. "ನಂಗೆ ಗೊತ್ತೇ ಆಗ್ಲಿಲ್ಲ. ಮನೇಲಿ ಮಾಡೋದು ಬಂದ್ಬಿಡ್ತು. ಇನ್ನಾಗಲ್ಲ, ದೇವ್ರಾಣೆ."

"ಆ ಅಭ್ಯಾಸ ಬಿಡ್ಬೇಕು. ಅಕ್ಕಂಗೆ ಹೇಳ್ತೀನಿ, ಬೇರೆ ಪಿಸ್ತೂಲಲ್ಲಿ ಅಭ್ಯಾಸ ಮಾಡು."

"ಬೇಡ ನೋಯ್, ದಮ್ಮಯ್ಯ. ಅವಳ ಟ್ರಿಗರಿಂದ ಹೀಗಾಯ್ತು ಅಂದ್ರೆ ಊಟ ಬಿಡ್ತಾಳೆ. ಕಣ್ಣು ಹೋಗೋಕೆ ಶುರುವಾದಾಗಿಂದ ಅದೊಂದರ ಮೇಲೇ ಜೀವ ಇಟ್ಕೊಂಡಿದಾಳೆ. ನಾನು ಸರಿ ಮಾಡ್ಕೋತೀನಿ."

ನಾನು ಒಪ್ಪಿದೆ. ಒಪ್ಪಿದ್ದು ಅವಳ ಮೇಲಿನ ಪ್ರೀತಿಗೆ ಎಂದು ಆಗ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹೇಳಿದರೆ ‘ನೀನ್ಯಾಕೆ ಅವನನ್ನ ಹೊರಗೆ ಹಾಕ್ಲಿಲ್ಲ’ ಎಂದು ಅವಳು ಕೇಳುತ್ತಿದ್ದಳು. ಅದಕ್ಕೇ ಹೆದರಿದೆ. ಅಂದು ಅವನನ್ನು ಹೊರಗೆ ಹಾಕಿದ್ದರೆ ಹೋಗುತ್ತಿದ್ದುದು ಒಂದು ಮೂಟೆ ಅಕ್ಕಿ. ಅವನ ಕೈಗೆ ಜನ್ಮಕ್ಕಾಗುವಷ್ಟು ಪಾಠ ಆಗುತ್ತಿತ್ತು. ಅವಳು ಆ ಸಂಜೆಯೇ ಮನೆಯ ಅಭ್ಯಾಸವನ್ನು ಬದಲಾಯಿಸಿ ಬಿಡುತ್ತಿದ್ದಳು.

ಆಯ್ಕೆಯ ಕೊನೆಯ ದಿನ ಬಂತು. ಹನ್ನೆರಡು ಆಟಗಳಲ್ಲಿ ಹನ್ನೊಂದು ಮುಗಿದಿದ್ದವು. ಇಸ್ಯೋಂಗ್ ಎರಡನೇ ಸ್ಥಾನದಲ್ಲಿದ್ದ, ತಂಡಕ್ಕೆ ನಾಲ್ವರು ಬೇಕು. ಕೊನೆಯ ಆಟವನ್ನು ಅವನು ನಡೆದುಕೊಂಡು ಹೊಡೆದರೂ ಸಾಕಿತ್ತು. ಬಾಸ್ ಕ್ಲಾರೊ ಎರಡು ಇಡೀ ಹಂದಿ ಸುಡಲು ಹೇಳಿ ಕಳಿಸಿಯಾಗಿತ್ತು.

ಸೆಬ್ಯಾಗೆ ಅಷ್ಟು ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಮ್ಮ ಹಿಂದೆ ಹಗ್ಗದಾಚೆ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಇಸ್ತ್ರಿ ಮಾಡಿದ ಹಳದಿ ಅಂಗಿ, ಕೂದಲಿಗೆ ಎಣ್ಣೆ. ಬೆಳಗಿನಿಂದ ಒಂದೊಂದು ಪಿಸ್ತೂಲಿನ ಸದ್ದು ಕೇಳಿ ಪಕ್ಕದವರಿಗೆ ಹೇಳುತ್ತಿದ್ದಳು: ಇವನದು ಸ್ಪ್ರಿಂಗ್ ಸುಸ್ತಾಗಿದೆ, ಅವನು ಮದ್ದು ಹೆಚ್ಚಿಗೆ ತುಂಬಿದ್ದಾನೆ. ಇಸ್ಯೋಂಗನ ಸರದಿ ಬಂದಾಗ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡಳು.

ಆ ಆಟಕ್ಕೆ ನಾನೇ ಆಫೀಸರ್. ನಾನು ಬೆರಳು ನೋಡುತ್ತಿದ್ದೆ. ಹಿಂದಿನ ಎರಡು ದಿನ ನಾನಿದ್ದ ಕಡೆ ಅವನು ತುಂಬುವಾಗಲೆಲ್ಲ ಬೆರಳು ಹೊರಗೇ ಇತ್ತು, ನೇರವಾಗಿ, ಕಬ್ಬಿಣಕ್ಕೆ ಅಂಟಿಕೊಂಡು. ಸರಿ ಮಾಡಿಕೊಂಡಿದ್ದಾನೆ, ಎಂದು ನನ್ನ ಎದೆ ಹಗುರಾಗಿತ್ತು.

"ಗುಂಡು ತುಂಬಿ ಸಿದ್ಧವಾಗಿ."

ಅವನು ಉಸಿರು ಬಿಟ್ಟ. ಮ್ಯಾಗಜೀನ್ ತಳ್ಳಿದ. ಅವನ ಕಣ್ಣು ಆಗಲೇ ಗುರಿಗಳ ಮೇಲೆ ಓಡುತ್ತಿತ್ತು, ಮನಸ್ಸು ಮೊದಲ ಕಿಟಕಿಯ ಹತ್ತಿರ ಹೋಗಿಬಿಟ್ಟಿತ್ತು. ಅಂದರೆ ಕೈ ಒಂಟಿಯಾಗಿತ್ತು. ಸ್ಲೈಡ್ ಎಳೆದ, ಬೆರಳು ಒಳಗೆ ಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಲೈಡ್ ಬಿಟ್ಟಿದ್ದ. ಈ ಸಲ ಬೆರಳು ಗಟ್ಟಿಯಾಗಿ ಹಿಡಿದಿರಲಿಲ್ಲ. ಸ್ಲೈಡ್ ಮುಂದೆ ಬಡಿದ ಏಟಿಗೆ ಬೆರಳು ಕೂದಲೆಳೆಯಷ್ಟು ಸಡಿಲಿ ಮತ್ತೆ ಬಿಗಿಯಿತು. ನಾಲ್ಕು ಡಬ್ಬಿಯ ಟ್ರಿಗರಿಗೆ ಅದು ಸಾಕಾಯಿತು.

ಗುಂಡು ಅವನ ಕಾಲಿನಿಂದ ಎರಡು ಮಾರು ಮುಂದೆ ನೆಲಕ್ಕೆ ಬಿತ್ತು. ಜಲ್ಲಿ ಚಿಮ್ಮಿತು. ಯಾರಿಗೂ ಏನೂ ಆಗಲಿಲ್ಲ.

ಹಿಂದಿನಿಂದ ಸೆಬ್ಯಾಳ ಸಣ್ಣ ದನಿ ಕೇಳಿಸಿತು. "ಟೈಮರ್ ಕೂಗ್ಲೇ ಇಲ್ಲ." ಪಕ್ಕದವರನ್ನು ಮತ್ತೆ ಕೇಳಿದಳು. "ಟೈಮರ್ ಕೂಗ್ಲೇ ಇಲ್ವಲ್ಲ, ಅದ್ಯಾರ ಗುಂಡು?"

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ನಿಲ್ಲಿ. ಗುಂಡು ಖಾಲಿ ಮಾಡಿ. ಖಾಲಿ ತೋರಿಸಿ. ಸುತ್ತಿಗೆ ಇಳಿಸಿ. ಒರೆಗೆ ಹಾಕಿ. ಅವನು ಒಂದೊಂದನ್ನೂ ಶಿಸ್ತಾಗಿ ಮಾಡಿದ. ಬೆರಳು ಈಗ ನೇರವಾಗಿ ಹೊರಗಿತ್ತು. ಪಂದ್ಯದಿಂದ ಹೊರಗೆ ಹಾಕುವ ಕಾಗದ ನೀಡಿದೆ, ಸಹಿ ಹಾಕಿದ. ನನ್ನ ಮುಖವನ್ನೇ ನೋಡಿದ. ಬಾಸ್ ಕ್ಲಾರೊ ಟೊಪ್ಪಿ ನೆಲಕ್ಕೆಸೆದು ಕಾರಿನ ಕಡೆ ನಡೆದ.

ಇಸ್ಯೋಂಗ್ ಅಕ್ಕನ ಕುರ್ಚಿಯ ಮುಂದೆ ಮಂಡಿಯೂರಿ ಕೂತ. ಅವಳು ಅವನ ಬಲಗೈ ಹುಡುಕಿ ಹಿಡಿದು, ತೋರುಬೆರಳನ್ನು ತನ್ನ ಎರಡು ಬೆರಳ ನಡುವೆ ಇಟ್ಟುಕೊಂಡಳು.

"ಬೆರಳು ಒಳಗಿತ್ತಾ?"

"ಹೂಂ."

"ಒತ್ತಿ ಹಿಡ್ಕೊಂಡಿದ್ಯಾ? ಮನೇಲಿ ಮಾಡಿದಂಗೆ?"

ಅವನು ಹಣೆಯನ್ನು ಅವಳ ಮಂಡಿಗೆ ಒತ್ತಿದ. ಅವಳು ಆ ಬೆರಳನ್ನು ಬಿಡಲೇ ಇಲ್ಲ. "ನಾನೇ ಕಲಿಸ್ದೆ," ಎಂದಳು. "ನಿನ್ನ ಕೈಗೆ ನಾನೇ ಕಲಿಸ್ದೆ."

ಸಂಜೆ ನಾನು ಅವರ ಮನೆಗೆ ಹೋದೆ. ಹೋಗಬಾರದಿತ್ತು, ಹೋಗದಿರಲೂ ಆಗಲಿಲ್ಲ. ಅಡಿಗೆಮನೆಯಲ್ಲಿ ಎಣ್ಣೆ ಕಾದ ವಾಸನೆ. ಮೇಜಿನ ಮೇಲೆ ಐದು ಸಾರ್ಡೀನ್ ಡಬ್ಬಿಗಳೂ ಬಾಯಿ ತೆರೆದು ಬಿದ್ದಿದ್ದವು. ಅವಳು ಕೈತಡಕಾಡುತ್ತ ಬೆಳ್ಳುಳ್ಳಿ, ಟೊಮೇಟೊ ಹಾಕಿ ಅಷ್ಟನ್ನೂ ಕುದಿಸಿದ್ದಳು. "ಕೂತ್ಕೋ ಅಂಬೋ, ತಿನ್ನು" ಎಂದು ನನಗೂ ಒಂದು ತಟ್ಟೆ ಬಡಿಸಿದಳು. ಇಸ್ಯೋಂಗ್ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ. ಮೂವರೂ ತಿಂದೆವು. ಅಂಥ ಊಟ ನನ್ನ ಶತ್ರುವಿಗೂ ಬೇಡ.

ತಟ್ಟೆ ಖಾಲಿಯಾದ ಮೇಲೆ ಅವಳು ಕೇಳಿದಳು. "ಅಂಬೋ, ಒಂದು ಮಾತು. ಇದಕ್ಕೆ ಮುಂಚೆ ಯಾವತ್ತಾದ್ರೂ ಇವನ ಬೆರಳು ಒಳಗೆ ಹೋಗಿದ್ದು ನೋಡಿದ್ಯಾ?"

ಇಸ್ಯೋಂಗ್ ತಲೆಯೆತ್ತಿ ನನ್ನನ್ನು ನೋಡಿದ.

"ಇಲ್ಲ ಮಾನಂಗ್," ಎಂದೆ.

"ಒಂದ್ಸಲವೂ?"

"ಒಂದ್ಸಲವೂ ಇಲ್ಲ."

ಅವಳು ತಲೆಯಾಡಿಸಿ, ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಎದ್ದಳು.

ಎರಡು ವಾರಕ್ಕೆ ಬಾಸ್ ಕ್ಲಾರೊ ಪಿಸ್ತೂಲಿಗೆ ಬೇರೆಯವರ ಕೈಯಲ್ಲಿ ಹೊಸ ಸುತ್ತಿಗೆ, ಹೊಸ ಕೊಕ್ಕೆ ಹಾಕಿಸಿದ. ಹಳೆಯವನ್ನು ಬೇಕರಿಯ ಬ್ರೆಡ್ ಕಟ್ಟುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೆಲಸದವನ ಹತ್ತಿರ ಕಳಿಸಿಕೊಟ್ಟ. ಆ ಪಿಸ್ತೂಲು ಬೇರೊಬ್ಬ ಶೂಟರನ ಜೊತೆ ಮುಂದಿನ ಸಲದ ದೊಡ್ಡ ಪಂದ್ಯಕ್ಕೆ ವಿಮಾನ ಹತ್ತಿತು. ಇಸ್ಯೋಂಗ್ ಮತ್ತೆ ಪಿಸ್ತೂಲು ಮುಟ್ಟಲಿಲ್ಲ. ಬೈಕಿನ ಹ್ಯಾಂಡಲ್ ಹಿಡಿದಾಗಲೂ ಆ ತೋರುಬೆರಳನ್ನು ನೇರವಾಗಿ ಮುಂದಕ್ಕೆ ಚಾಚಿಕೊಂಡೇ ಇರುತ್ತಾನೆ, ನೋಡಿದವರು ಬೆರಳಿಗೆ ಏನೋ ಪೆಟ್ಟಾಗಿದೆ ಅಂದುಕೊಳ್ಳುತ್ತಾರೆ.

ಸೆಬ್ಯಾ ಸಾಣೆಕಲ್ಲುಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟಳು. ಕಣ್ಣಿಲ್ಲದಿದ್ದರೂ ತುಟಿಯಿಂದ ನೋಡಿ ಕೆಲಸ ಮಾಡಬಲ್ಲಳು ಎಂದು ಎಲ್ಲರಿಗೂ ಗೊತ್ತಿತ್ತು. ಕೇಳಿಕೊಂಡು ಬಂದವರಿಗೆಲ್ಲ, "ಇಲ್ಲಪ್ಪ, ನನ್ನ ಕೈಗೆ ಪಾಪ ಹತ್ತಿದೆ" ಎಂದು ಹೇಳಿ ಕಳಿಸುತ್ತಿದ್ದಳು. ಹೊಸ ಹುಡುಗರು ಯಾರಾದರೂ ಬಂದರೆ ಅವರ ಕೈ ಹಿಡಿದು, ತೋರುಬೆರಳು ತಡವಿ, "ಇದನ್ನ ಹೊರಗಿಡು, ಮನೇಲೂ ಹೊರಗಿಡು, ಖಾಲಿ ಇದ್ರೂ ಹೊರಗಿಡು" ಎನ್ನುತ್ತಿದ್ದಳು. ಕೆಲವರು ಆಚೆ ಬಂದು ನಗುತ್ತಿದ್ದರು. ನನಗೆ ಅವರ ಕಪಾಳಕ್ಕೆ ಬಾರಿಸಬೇಕೆನಿಸುತ್ತಿತ್ತು. ಬಾರಿಸುವ ಹಕ್ಕು ನನಗೆಲ್ಲಿತ್ತು?

ಹೀಗೆ ನಾಲ್ಕು ವರ್ಷ. ಸಕ್ಕರೆ ಕಾಯಿಲೆ ಕಣ್ಣಾದ ಮೇಲೆ ಕಾಲಿಗೆ ಬಂತು, ಕಾಲಾದ ಮೇಲೆ ಮೂತ್ರಪಿಂಡಕ್ಕೆ. ಪ್ರತಿ ಭಾನುವಾರ ನಾನು ಹೋಗಿ ಅವಳ ಮಂಚದ ಪಕ್ಕ ಕೂರುತ್ತಿದ್ದೆ. ಪ್ರತಿ ಭಾನುವಾರವೂ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಮನೆ ಬಿಡುತ್ತಿದ್ದೆ. ದಾರಿಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವಳು, "ಬಾ ಅಂಬೋ, ಇವತ್ತು ಯಾರು ಹೇಗೆ ಹೊಡೆದ್ರು ಹೇಳು" ಎಂದ ಕೂಡಲೇ ಜೋಡಿಸಿದ್ದು ಚೆಲ್ಲಿ ಹೋಗುತ್ತಿತ್ತು.

ಕೊನೆಯ ಭಾನುವಾರ ಅವಳ ದನಿ ತೀರಾ ಇಳಿದಿತ್ತು. ದಿಂಬಿನ ಕೆಳಗಿಂದ ಬ್ರೆಡ್ಡಿನ ಆ ಪ್ಲಾಸ್ಟಿಕ್ ಚೀಲ ತೆಗೆದು, ಒಳಗಿನ ಸುತ್ತಿಗೆಯ ಮೇಲೆ ತಾನು ಗೀಚಿದ ಮೀನನ್ನು ಉಗುರಿನಿಂದ ತಡವುತ್ತಿದ್ದಳು.

"ಅಂಬೋ, ನಾನು ತುಂಬ ಸಲ ಯೋಚ್ನೆ ಮಾಡಿದೀನಿ. ಮುಂಚೆ ಒಂದ್ಸಲ ಅವನ ಕೈ ತಪ್ಪಿದ್ರೆ, ಯಾರಾದ್ರೂ ನೋಡಿ ನನಗೆ ಹೇಳಿದ್ರೆ, ಅಂತ. ಆದ್ರೆ ನೀನು ಮೇಯರನ ಭಾವಮೈದುನನನ್ನೇ ಬಿಡದೋನು. ನಿನ್ನ ಅಳಿಯನ್ನೇ ಬಿಡಲಿಲ್ಲ. ನೀನು ಕಂಡಿದ್ರೆ ಇವನನ್ನ ಆಗಲೇ ಹೊರಗೆ ಹಾಕಿರ್ತಿದ್ದೆ. ಅಲ್ವಾ?"

ಇಸ್ಯೋಂಗ್ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ.

"ಹೌದು ಮಾನಂಗ್. ಹಾಕಿರ್ತಿದ್ದೆ."

"ಹಾಗಾದ್ರೆ ಮೊದಲನೇ ಸಲವೇ ಅದು. ನನ್ನ ಮಾತೇ ಅವನನ್ನ ಕೆಡಿಸ್ತು." ಸುತ್ತಿಗೆಯನ್ನು ಮತ್ತೆ ಚೀಲಕ್ಕೆ ಹಾಕಿದಳು. "ನೀನಿದ್ದಿದ್ದು ಒಳ್ಳೇದಾಯ್ತು ಅಂಬೋ. ಬೇರೆ ಯಾರಾದ್ರೂ ಆಫೀಸರ್ ಆಗಿದ್ದಿದ್ರೆ, ಅವರನ್ನ ಅನುಮಾನ ಪಡ್ತಿದ್ದೆ. ಸುಮ್ನೆ ಒಬ್ರನ್ನ ಶಪಿಸ್ಕೊಂಡು ಸಾಯ್ತಿದ್ದೆ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಅಭ್ಯಾಸಬಲದಿಂದ ನನ್ನ ತೋರುಬೆರಳನ್ನು ತಡವಿದಳು. ಆ ಬುಧವಾರ ಬೆಳಿಗ್ಗೆ ಹೋದಳು.

ಒಂಬತ್ತನೆಯ ದಿನದ ಪ್ರಾರ್ಥನೆಗೆ ಊರೇ ಬಂದಿತ್ತು. ಅರ ಹಿಡಿಯುವ ಹೆಂಗಸು ಹೀಗಿದ್ದಳು, ಹಾಗಿದ್ದಳು ಎಂದು ಎಲ್ಲರೂ ಹೇಳಿದರು. ಅವಳ ಗೆಳೆಯ ಎಂದು ನನ್ನನ್ನೂ ಎಬ್ಬಿಸಿ ನಿಲ್ಲಿಸಿದ ಪಾದ್ರಿ, ತಪ್ಪನ್ನು ಎಂದೂ ಬಿಡದ ಮನುಷ್ಯ ಎಂದು ನನ್ನನ್ನು ಪರಿಚಯಿಸಿದ. ನಾನು ಎರಡು ಮಾತು ಹೇಳಿ ಕೂತೆ. ಜನ ಚದುರಿದ ಮೇಲೆ ಇಸ್ಯೋಂಗ್ ಎರಡು ಲೋಟ ಕಾಫಿ ತಂದು, ಒಂದನ್ನು ನನಗೆ ಕೊಟ್ಟು, ಪಕ್ಕದಲ್ಲಿ ಕೂತ.

"ನಾನಿಲ್ದಾಗ ಯಾವತ್ತಾದ್ರೂ ಅಕ್ಕಂಗೆ ಆ ಅಕ್ಕಿ ಮೂಟೆ ಪಂದ್ಯದ್ದು ಹೇಳಿದ್ರಾ ನೋಯ್?"

"ಇಲ್ಲ ದೋಂಗ್. ನೀನು?"

"ಇಲ್ಲ."

ಇಬ್ಬರೂ ಕಾಫಿ ಕುಡಿದೆವು. ಕೆಲಸದ ಮೇಜಿನ ಮೇಲೆ ಡಬ್ಬಿಗಳಿದ್ದ ಜಾಗದಲ್ಲಿ ಐದು ದುಂಡನೆಯ ಗುರುತುಗಳು ಇನ್ನೂ ಇದ್ದವು.